ತುರ್ಕಿಕ್ ಸಂಘಟನೆ ಸೇನಾ ಒಕ್ಕೂಟವೇ?

ಕಜಕಸ್ತಾನದ ಮೇಲೆ ದಾಳಿಯಾದರೆ ಟರ್ಕಿ ಸೇನೆ ಕಳಿಸಲೇಬೇಕಾ ಅಂತ ಕೇಳಿದ್ದೀರಿ. ಇಲ್ಲ. ಟರ್ಕಿ, ಕಜಕಸ್ತಾನದಂಥ ತುರ್ಕಿಕ್ ಭಾಷೆಗಳ ದೇಶಗಳ ಕೂಟವಾದ ತುರ್ಕಿಕ್ ರಾಷ್ಟ್ರಗಳ ಸಂಘಟನೆಗೆ ಅಡಿಪಾಯ ಹಾಕಿದ 2009ರ ನಖಿಚೆವಾನ್ ಒಪ್ಪಂದದಲ್ಲಿ ಪರಸ್ಪರ ರಕ್ಷಣೆಯ ಷರತ್ತೇ ಇಲ್ಲ. ಅಂಥ ಮಾತಿರುವುದು 2021ರ ಶುಶಾ ಘೋಷಣೆಯಲ್ಲಿ. ಅದು ಟರ್ಕಿ ಮತ್ತು ಅಜರ್‌ಬೈಜಾನ್ ನಡುವಿನದು ಮಾತ್ರ. ಹಲವರು ಇವೆರಡನ್ನೂ ಬೆರೆಸಿಬಿಡುತ್ತಾರೆ.

ಮುಖ್ಯ ಅಡ್ಡಿ ಬೇರೆ ಇದೆ: ಟರ್ಕಿ ನ್ಯಾಟೋದಲ್ಲಿದೆ, ಕಜಕಸ್ತಾನ ಮತ್ತು ಕಿರ್ಗಿಸ್ತಾನ ರಷ್ಯಾ ಮುಂದಾಳತ್ವದ ಸೇನಾ ಒಕ್ಕೂಟ ಸಿಎಸ್‌ಟಿಒದಲ್ಲಿವೆ. 2022ರ ಜನವರಿ ಗಲಭೆಯಲ್ಲಿ ಕಜಕಸ್ತಾನದ ಅಧ್ಯಕ್ಷ ಟೊಕಾಯೆವ್ ಸೇನೆ ಕೇಳಿದ್ದೂ ಸಿಎಸ್‌ಟಿಒವನ್ನೇ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರವಿಲ್ಲ.

ಲಿಪಿಯ ವಿಷಯದಲ್ಲೂ ಈ ದೇಶಗಳು ಪೂರ್ತಿ ಒಂದಾಗಿಲ್ಲ. 2024ರಲ್ಲಿ ಬಾಕುವಿನಲ್ಲಿ ತುರ್ಕಿಕ್ ಭಾಷೆಗಳಿಗೆಲ್ಲ 34 ಅಕ್ಷರಗಳ ಒಂದೇ ಲ್ಯಾಟಿನ್ ವರ್ಣಮಾಲೆಗೆ ಒಪ್ಪಿಗೆ ಸಿಕ್ಕಿತು, ಆದರೆ ಕಿರ್ಗಿಸ್ತಾನದಲ್ಲಿ ಇನ್ನೂ ರಷ್ಯನ್ ಭಾಷೆ ಬರೆಯುವ ಸಿರಿಲಿಕ್ ಲಿಪಿಯೇ ನಡೆಯುತ್ತಿದೆ.