ಚೀನಾದ ಬೇರು, ನಮ್ಮ ಬಜೆ ಮತ್ತು ಫಿಟ್ಸ್ ಮಾತ್ರೆ

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಅಪಸ್ಮಾರಕ್ಕೆ ಎರಡು ವರ್ಷದಿಂದ ಫೆನಿಟೋಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಎಂಟು ತಿಂಗಳಿಂದ ಫಿಟ್ಸ್ ಬಂದಿಲ್ಲ. ಚೀನಾದವರು ಒಂದು ಬೇರಿನಿಂದ ಇದನ್ನು ವಾಸಿ ಮಾಡುತ್ತಾರೆ ಎಂದು ವಾಟ್ಸಾಪ್‌ನಲ್ಲಿ ಬಂದಿದೆ. "ಅದು ನಮ್ಮ ಬಜೆಯೇ. ಒಳ್ಳೆಮೆಣಸು ಸೇರಿಸಿ ಕಷಾಯ ಮಾಡಿ ಕೊಡು, ಮಾತ್ರೆ ಸಾಕು" ಎನ್ನುತ್ತಾರೆ ಅತ್ತೆ. ಕೊಡಬಹುದಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮಾತ್ರೆ ನಿಲ್ಲಿಸಬೇಡಿ, ಒಂದು ಹೊತ್ತೂ ತಪ್ಪಿಸಬೇಡಿ. ಫಟ್ಟನೆ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು.

ಇನ್ನು ಬೇರಿನ ವಿಷಯ. ಅತ್ತೆಯವರ ಗುರುತು ಪೂರ್ತಿ ತಪ್ಪಲ್ಲ. ಚೀನಾದವರ 'ಶಿ ಚಾಂಗ್ ಪು' ನಮ್ಮ ಬಜೆಯ, ಅಂದರೆ ಮಲಯಾಳದ ವಯಂಬಿನ, ದಾಯಾದಿ ಗಿಡ. ಅದರಲ್ಲಿ ಆಲ್ಫಾ ಅಸರೋನ್ ಎಂಬ ಅಂಶ ಇದೆ. ಮಿದುಳಿನ ನರಕೋಶಗಳು ಮಿತಿಮೀರಿ ಕೆರಳದಂತೆ ತಡೆಯಲು ಗಾಬಾ ಎಂಬ ರಾಸಾಯನಿಕ ಇರುತ್ತದೆ, ಒಂಥರಾ ಬ್ರೇಕ್. ಅಸರೋನ್ ಆ ಬ್ರೇಕನ್ನು ಬಿಗಿ ಮಾಡುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಚೀನಾದವರ ಇನ್ನೊಂದು ಮದ್ದು 'ಟಿಯೆನ್ ಮಾ' ಎಂಬ ಆರ್ಕಿಡ್ ಗಡ್ಡೆ; ಅದರಲ್ಲಿರುವ ಗ್ಯಾಸ್ಟ್ರೋಡಿನ್ ಎಂಬ ಅಂಶ ಕೂಡ ಗಾಬಾ ಬೇಗ ಕರಗದಂತೆ ತಡೆಯುತ್ತದೆ. ಹಾಗಾಗಿ ಇದು ಸುಮ್ನೆ ಹುಟ್ಟಿದ ಕಥೆಯಲ್ಲ. ಆದರೆ ಮನುಷ್ಯರ ಮೇಲೆ ನಡೆದ ಪ್ರಯೋಗಗಳನ್ನು, ಚಿಕಿತ್ಸೆಗಳ ಪುರಾವೆಗಳನ್ನು ಒಟ್ಟುಹಾಕಿ ತೂಗಿ ನೋಡುವ ಅಂತಾರಾಷ್ಟ್ರೀಯ ಸಂಸ್ಥೆ ಕೊಕ್ರೇನ್‌ನ ತಂಡ ಪರಿಶೀಲಿಸಿದಾಗ, ಚೀನೀ ಮದ್ದನ್ನು ಅಪಸ್ಮಾರಕ್ಕೆ ಕೊಡಿ ಎನ್ನುವಷ್ಟು ಗಟ್ಟಿ ಪುರಾವೆ ಸಿಗಲಿಲ್ಲ.

ನಮ್ಮ ಬಜೆಯಲ್ಲಿ ಇನ್ನೊಂದು ತೊಡಕಿದೆ. ಭಾರತದ ತಳಿಯಲ್ಲಿ ಅಸರೋನಿನ ಇನ್ನೊಂದು ರೂಪ, ಬೀಟಾ ಅಸರೋನ್, ಜಾಸ್ತಿ. ಅದು ಇಲಿಗಳಲ್ಲಿ ಕ್ಯಾನ್ಸರ್ ತಂದದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರಕ್ಕೆ ಬಳಸದಂತೆ ನಿಷೇಧಿಸಿತು. ಮಗುವಿನ ನಾಲಿಗೆಗೆ ಬಜೆ ತೇದು ಮುಟ್ಟಿಸುವ ರೂಢಿಯೂ ನನಗೆ ಹಿಡಿಸುವುದಿಲ್ಲ, ಆ ಮಾತು ಇನ್ನೊಮ್ಮೆ. ದಿನಾ ಒಂದು ಲೋಟ ಕಷಾಯ ಅಂತೂ ಬೇಡವೇ ಬೇಡ.

ನನಗೆ ಬಜೆಗಿಂತ ಹೆಚ್ಚು ಹೆದರಿಕೆ ಒಳ್ಳೆಮೆಣಸಿನದು. ನಿಮ್ಮ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯದ್ದೇ! ತಮಾಷೆ ನೋಡಿ, ಚೀನಾದಲ್ಲೂ ಮೂಲಂಗಿ ಮತ್ತು ಮೆಣಸು ಸೇರಿಸಿ ಫಿಟ್ಸ್‌ಗೆ ಕೊಡುವ ಹಳ್ಳಿ ಮದ್ದು ಇತ್ತು. ಅದರ ಬೆನ್ನು ಹಿಡಿದ ಅಲ್ಲಿನ ಸಂಶೋಧಕರು ಮೆಣಸಿನ ಖಾರದ ಅಂಶ ಪೈಪರಿನ್‌ವರೆಗೆ ಹೋದರು, ಅದನ್ನು ಮಾರ್ಪಡಿಸಿ ಆಂಟಿಎಪಿಲೆಪ್ಸಿರಿನ್ ಎಂಬ ಔಷಧಿಯನ್ನೂ ಮಾಡಿದರು.

ಹಾಗಾದರೆ ಒಳ್ಳೆಯದೇ ಅಲ್ವಾ ಎನ್ನಬೇಡಿ. ಪೈಪರಿನ್ ರಕ್ತದಲ್ಲಿ ಫೆನಿಟೋಯಿನ್ ಮಟ್ಟವನ್ನು ಏರಿಸುತ್ತದೆ. ಫೆನಿಟೋಯಿನ್ ಬಹಳ ಸೂಕ್ಷ್ಮದ ಮಾತ್ರೆ. ಪಿತ್ತಜನಕಾಂಗ, ಅಂದರೆ ಲಿವರ್, ಅದನ್ನು ಕರಗಿಸುವುದಕ್ಕೆ ಒಂದು ಮಿತಿ ಇದೆ. ಆ ಮಿತಿ ತುಂಬಿದ ಮೇಲೆ ಸ್ವಲ್ಪ ಜಾಸ್ತಿಯಾದರೂ ರಕ್ತದ ಮಟ್ಟ ಧುತ್ತೆಂದು ಏರುತ್ತದೆ. ಆಗ ಹುಡುಗ ತೂರಾಡುತ್ತಾನೆ, ಮಾತು ತೊದಲುತ್ತದೆ, ಕಣ್ಣುಗುಡ್ಡೆ ಅದುರುತ್ತದೆ. ಮನೆಯವರು ಇದನ್ನು ರೋಗ ಹೆಚ್ಚಾಯಿತೆಂದುಕೊಂಡು ಇನ್ನೊಂದು ಲೋಟ ಕುಡಿಸುತ್ತಾರೆ! ಸಾರಿಗೆ ಹಾಕುವ ನಾಲ್ಕು ಕಾಳಿಗೆ ಗಾಬರಿಯಾಗಬೇಡಿ, ಎಂದಿನ ಅಡಿಗೆ ಎಂದಿನಂತೆ ಇರಲಿ. ಚಮಚಗಟ್ಟಲೆ ಮೆಣಸಿನ ಕಷಾಯ ಬೇಡ.

ಗಿಡದ ಅಂಶ ಔಷಧಿ ಆಗುವುದೇ ಇಲ್ಲ ಎಂದಲ್ಲ. ಗಾಂಜಾ ಗಿಡದ ಕ್ಯಾನಬಿಡಿಯೋಲ್‌ಗೆ 2018ರಲ್ಲಿ ಅಮೆರಿಕ ಎರಡು ಬಗೆಯ ತೀವ್ರ ಅಪಸ್ಮಾರಕ್ಕೆ ಒಪ್ಪಿಗೆ ಕೊಟ್ಟಿದೆ. ಅದು ಶುದ್ಧಗೊಳಿಸಿ, ಅಳತೆ ಹಾಕಿ, ರೋಗಿಗಳ ಮೇಲೆ ಪರೀಕ್ಷೆಯಾದ ಮೇಲೆ.

ಎಂಟು ತಿಂಗಳು ಫಿಟ್ಸ್ ಬಾರದಿರುವುದು ಒಳ್ಳೆಯ ಲಕ್ಷಣ. ಸಾಮಾನ್ಯವಾಗಿ ಎರಡು ವರ್ಷವಾದರೂ ಹೀಗೇ ಕಳೆದ ಮೇಲೆ, ಮಾತ್ರೆಯನ್ನು ಹಂತ ಹಂತವಾಗಿ ಇಳಿಸುವ ಬಗ್ಗೆ ವೈದ್ಯರು ಯೋಚಿಸುತ್ತಾರೆ. ಈಗಾಗಲೇ ಕಷಾಯ ಕುಡಿಸಿದ್ದರೆ ಮುಚ್ಚಿಡಬೇಡಿ. ವೈದ್ಯರಿಗೆ ಹೇಳಿ, ಫೆನಿಟೋಯಿನ್ ಮಟ್ಟದ ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ.