ಯುರೋಗೈನಕಾಲಜಿ ರಿಸರ್ಚ್ ಫೆಲೋ ಆಗಿ ಇಂಗ್ಲೆಂಡಿಗೆ ಹೋದರೆ ಸರ್ಜರಿ ಕಲಿಯೋಕೆ ಸಿಗುತ್ತಾ?

ಹುಬ್ಬಳ್ಳಿಯಲ್ಲಿ ಎಂ.ಎಸ್. ಮುಗಿಸಿ ಬ್ರಿಟನ್ನಿನ ಸ್ತ್ರೀರೋಗ-ಪ್ರಸೂತಿ ಪರೀಕ್ಷೆ ಎಂಆರ್‌ಸಿಓಜಿಯನ್ನೂ ಪಾಸು ಮಾಡಿದ್ದೀರಿ. ಇಂಗ್ಲೆಂಡಿನ ಆಸ್ಪತ್ರೆಯೊಂದರ ಯುರೋಗೈನಕಾಲಜಿ (ಹೆಂಗಸರ ಮೂತ್ರ ಸೋರಿಕೆ, ಗರ್ಭಕೋಶ ಜಾರುವಿಕೆ ನೋಡುವ ವಿಭಾಗ) ರಿಸರ್ಚ್ ಹುದ್ದೆಯ ಜಾಹೀರಾತು ನೋಡಿ, ಹೋದರೆ ಸರ್ಜರಿ ಕಲಿಯಬಹುದಾ ಅಂತ ಕೇಳಿದ್ದೀರಿ. ನಾನು ಇಲ್ಲಿ ಅಂಥದ್ದೇ ಹುದ್ದೆಯಲ್ಲಿ ಇದ್ದವಳು. ಮೊದಲೇ ಹೇಳಿಬಿಡುತ್ತೇನೆ, ಆಪರೇಷನ್‌ನಲ್ಲಿ ಕೈ ಪಳಗಬೇಕು ಅನ್ನೋದೊಂದೇ ಆಸೆಯಾದರೆ ಇದು ನಿಮಗಲ್ಲ. ವಾರಕ್ಕೊಂದು ಥಿಯೇಟರ್ ಲಿಸ್ಟ್ ಸಿಕ್ಕರೆ ಪುಣ್ಯ. ಅದರಲ್ಲೂ ಟ್ರೈನಿಂಗ್ ನಂಬರ್ ಇರುವ, ಅಂದರೆ ಇಲ್ಲಿನ ಅಧಿಕೃತ ತರಬೇತಿಯಲ್ಲಿರುವ ರಿಜಿಸ್ಟ್ರಾರ್‌ಗೆ ಮೊದಲ ಪಾಳಿ. ನೀವು ರಿಟ್ರ್ಯಾಕ್ಟರ್ ಹಿಡಿದು ನಿಲ್ಲುವುದೇ ಜಾಸ್ತಿ.

ಹಾಗಾದರೆ ದಿನವಿಡೀ ಏನು ಮಾಡುತ್ತಾರೆ? ನನ್ನ ಅರ್ಧ ವಾರ ಮೂತ್ರಕೋಶದ ಒತ್ತಡ ಅಳೆಯುವ ಯುರೋಡೈನಮಿಕ್ಸ್ ಕೋಣೆಯಲ್ಲೇ ಕಳೆಯುತ್ತಿತ್ತು. ಮೂತ್ರಕೋಶಕ್ಕೊಂದು ಸಣ್ಣ ಕ್ಯಾತಿಟರ್ (ತೆಳು ನಳಿಕೆ), ಗುದದೊಳಗೆ ಇನ್ನೊಂದು. ನಿಧಾನವಾಗಿ ಸಲೈನ್ ತುಂಬುತ್ತಾ ಹೋಗುವುದು, ನಡುನಡುವೆ ಕೆಮ್ಮಲು ಹೇಳುವುದು. ಕೆಮ್ಮಿದ ತಕ್ಷಣ ಪರದೆಯ ಮೇಲೆ ಎರಡರ ಒತ್ತಡದ ಗೆರೆಗಳೂ ಒಟ್ಟಿಗೆ ನೆಗೆಯಬೇಕು, ಇಲ್ಲದಿದ್ದರೆ ಕ್ಯಾತಿಟರ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಮೂತ್ರಕೋಶದ ಸ್ನಾಯುವಿನದ್ದೇ ಒತ್ತಡ ಸಿಗುತ್ತದೆ. ಆ ಮೂರನೇ ಗೆರೆ ಅಲುಗಾಡದೆ, ಕೆಮ್ಮಿದಾಗ ಮೂತ್ರ ಸೋರಿದರೆ ಅದು ಸ್ಟ್ರೆಸ್ ಇನ್‌ಕಾಂಟಿನೆನ್ಸ್. ಕೆಮ್ಮದೆಯೇ ಮೂರನೇ ಗೆರೆ ಏರಿ, ಆಕೆ "ಅಯ್ಯೋ, ತಡೆಯೋಕಾಗ್ತಿಲ್ಲ" ಅಂದರೆ ಕಥೆಯೇ ಬೇರೆ. ಅಲ್ಲಿ ಸ್ಲಿಂಗ್ (ಮೂತ್ರನಾಳಕ್ಕೆ ಆಸರೆ ಕೊಡುವ ಪಟ್ಟಿ) ಹಾಕಿ ಪ್ರಯೋಜನವಿಲ್ಲ, ಬ್ಲಾಡರ್ ಟ್ರೈನಿಂಗ್ (ಮೂತ್ರ ತಡೆಯುವ ಅಭ್ಯಾಸ), ಮಾತ್ರೆ ಬೇಕು. ಒಬ್ಬರಲ್ಲೇ ಎರಡೂ ಇರುವುದೂ ಉಂಟು. ಪಿಜಿ ಮಾಡುವಾಗ ಈ ಗ್ರಾಫನ್ನು ಪುಸ್ತಕದಲ್ಲಷ್ಟೇ ನೋಡಿದ್ದೆ.

ಉಳಿದದ್ದು ಕನ್ಸೆಂಟ್ ತೆಗೆದುಕೊಳ್ಳುವುದು, ಡೇಟಾ ತುಂಬುವುದು, ಆಪರೇಷನ್ ಆಗಿ ವರ್ಷ ಎರಡು ವರ್ಷ ಕಳೆದವರಿಗೆ ಫೋನ್ ಮಾಡುವುದು. ಜಾರಿದ ಭಾಗದ ಉಬ್ಬು ಮತ್ತೆ ಕೈಗೆ ಸಿಗುತ್ತಾ, ಪ್ಯಾಡ್ ಬೇಕಾಗುತ್ತಾ, ಗಂಡನ ಜೊತೆ ಇರುವಾಗ ನೋವಾಗುತ್ತಾ? ಕ್ಲಿನಿಕ್‌ನಲ್ಲಿ "ಎಲ್ಲಾ ಚೆನ್ನಾಗಿದೆ ಡಾಕ್ಟ್ರೇ" ಅಂದವರೇ ಫೋನಿನಲ್ಲಿ ಬೇರೆ ಮಾತು ಹೇಳುತ್ತಾರೆ. ಆಪರೇಷನ್ ಮಾಡಿದವರಿಗಿಂತ ಫೋನ್ ಮಾಡಿದವರಿಗೇ ಅದರ ಗುಣ ಜಾಸ್ತಿ ಗೊತ್ತು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಈ ಬೋರು ಹೊಡೆಸುವ ಕೆಲಸಕ್ಕೆ ಇಷ್ಟು ಬೆಲೆ ಯಾಕೆ ಅಂದರೆ ಮೆಶ್ (ಆಸರೆಗೆ ದೇಹದೊಳಗೆ ಹಾಕುವ ಪ್ಲಾಸ್ಟಿಕ್ ಬಲೆ) ಕಥೆ ನೋಡಿ. ಸ್ವೀಡನ್ನಿನ ಉಲ್ಮ್‌ಸ್ಟೆನ್ ತಂಡ 1996ರಲ್ಲಿ ಟಿವಿಟಿ ಟೇಪ್ (ಸೋರಿಕೆ ತಡೆಯಲು ಮೂತ್ರನಾಳದ ಕೆಳಗೆ ಹಾಕುವ ಸಣ್ಣ ಮೆಶ್ ಪಟ್ಟಿ) ಬಗ್ಗೆ ಬರೆಯಿತು. ಸಣ್ಣ ಆಪರೇಷನ್, ಬೇಗ ಮನೆಗೆ. ಟೇಪ್ ಗೆದ್ದ ಮೇಲೆ ಜಾರಿದ ಯೋನಿಯ ಗೋಡೆಗೂ (ಪ್ರೊಲ್ಯಾಪ್ಸ್) ದೊಡ್ಡ ಮೆಶ್ ಹಾಕುವುದು ಶುರುವಾಯಿತು. ದೀರ್ಘಕಾಲದ ಫಲಿತಾಂಶಕ್ಕೆ ಯಾರೂ ಕಾಯಲಿಲ್ಲ. ಕೊನೆಗೆ ಬ್ರಿಟನ್ನಿನ 35 ಆಸ್ಪತ್ರೆಗಳ ಪ್ರಾಸ್ಪೆಕ್ಟ್ ಅನ್ನುವ ಟ್ರಯಲ್ ಪ್ರೊಲ್ಯಾಪ್ಸ್ ಆಪರೇಷನ್ ಆದ ಮಹಿಳೆಯರನ್ನು 2 ವರ್ಷ ಹಿಂಬಾಲಿಸಿತು. ಮೆಶ್ ಹಾಕಿದ್ದರಿಂದ ಮಾಮೂಲಿ ಹೊಲಿಗೆಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ, ಹಾಕಿಸಿಕೊಂಡ 10 ಜನರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮೆಶ್‌ನಿಂದಲೇ ತೊಂದರೆ. ಜುಲೈ 2018ರಲ್ಲಿ ಇಂಗ್ಲೆಂಡ್ ಯೋನಿಮಾರ್ಗದ ಮೆಶ್, ಟೇಪ್ ಎರಡರ ಬಳಕೆಗೂ ತಡೆ ಹಾಕಿತು, ಏಪ್ರಿಲ್ 2019ರಲ್ಲಿ ಅಮೆರಿಕದ ಎಫ್‌ಡಿಎ ಯೋನಿಮಾರ್ಗದಿಂದ ಹಾಕುವ ಪ್ರೊಲ್ಯಾಪ್ಸ್ ಮೆಶ್ ಮಾರಾಟ ನಿಲ್ಲಿಸಿತು. ಟೇಪ್‌ಗೆ ಒಳ್ಳೆಯ ಟ್ರಯಲ್‌ಗಳ ಆಧಾರ ಇತ್ತು. ಇಂಗ್ಲೆಂಡಿನಲ್ಲಿ ಎರಡನ್ನೂ ಒಂದೇ ಗಾಡಿಗೆ ಕಟ್ಟಿದ್ದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಬರಬಹುದು. ಏನೇ ಆಗಲಿ, ಮೂಲೆ ಸೇರಿದ್ದ ಕಾಲ್ಪೋಸಸ್ಪೆನ್ಷನ್ (ಹೊಲಿಗೆಯಿಂದ ಎತ್ತಿ ಕಟ್ಟುವುದು), ಫೇಶಿಯಲ್ ಸ್ಲಿಂಗ್ (ರೋಗಿಯದೇ ಅಂಗಾಂಶದ ಪಟ್ಟಿ) ಎಂಬ ಸೋರಿಕೆಯ ಹಳೇ ಆಪರೇಷನ್‌ಗಳು ಮತ್ತೆ ಬಂದವು. ಟೇಪ್ ಕಾಲದಲ್ಲಿ ತಯಾರಾದ ಎಷ್ಟೋ ಕನ್ಸಲ್ಟೆಂಟ್‌ಗಳು ಅವನ್ನು ಹಿರಿಯರ ಹತ್ತಿರ ಹೊಸದಾಗಿ ಕಲಿಯಬೇಕಾಯಿತು.

ಊರಿಗೆ ವಾಪಸ್ ಬರುವ ಯೋಚನೆ ಇದ್ದರೆ ಈ ಕಣ್ಣು ಇನ್ನೂ ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ಗರ್ಭಕೋಶ ಜಾರಿದೆ ಅಂದರೆ ತೆಗೆಸಿಬಿಡಿ ಅನ್ನುವ ಮಾತೇ ಮೊದಲು. ಆಧಾರ ಸಡಿಲವಾಗಿದ್ದರೆ ಗರ್ಭಕೋಶ ತೆಗೆದ ಮೇಲೆ ಯೋನಿಯ ಮೇಲ್ಭಾಗವೇ ಜಾರಬಹುದಲ್ವಾ? ಇಲ್ಲಿ ರಿಂಗ್ ಪೆಸರಿ (ಜಾರದಂತೆ ಯೋನಿಯೊಳಗೆ ಇಡುವ ಬಳೆಯಂಥ ಸಾಧನ) ಹಾಕಿಸಿಕೊಂಡು ಕೆಲವು ತಿಂಗಳಿಗೊಮ್ಮೆ ಬದಲಿಸಿಕೊಂಡು ವರ್ಷಗಟ್ಟಲೆ ಆರಾಮಾಗಿರುವ ಅಜ್ಜಿಯರನ್ನು ಬೇಕಾದಷ್ಟು ನೋಡಿದೆ.

ಇನ್ನು ಲೆಕ್ಕಾಚಾರ. ಟ್ರೈನಿಂಗ್ ನಂಬರ್ ಇಲ್ಲದ ರಿಸರ್ಚ್ ಹುದ್ದೆಯಿಂದ ನೀವು ಸಬ್‌ಸ್ಪೆಷಲಿಸ್ಟ್ ಆಗುವುದಿಲ್ಲ. ಕೆಲವು ಕಡೆ ಇದರ ಜೊತೆ ಎಂಡಿ ರಿಸರ್ಚ್ ಅಥವಾ ಪಿಎಚ್‌ಡಿಗೆ ನೋಂದಣಿ ಮಾಡಿಸುತ್ತಾರೆ. ಅಲ್ಲಿ ಹುಷಾರು: ವಿದೇಶಿಯರಿಗೆ ಯೂನಿವರ್ಸಿಟಿ ಫೀಸು ತುಂಬಾ ಜಾಸ್ತಿ, ಕಟ್ಟುವವರು ಯಾರು ಅಂತ ಬರಹದಲ್ಲೇ ತೆಗೆದುಕೊಳ್ಳಿ. ಪ್ರಾಜೆಕ್ಟಿಗೆ ಎಥಿಕ್ಸ್ ಒಪ್ಪಿಗೆ ಈಗಾಗಲೇ ಸಿಕ್ಕಿದೆಯಾ ಅಂತಲೂ ಕೇಳಿ. ಸಿಕ್ಕಿಲ್ಲವಾದರೆ ಒಂದು ವರ್ಷದ ಹುದ್ದೆಯಲ್ಲಿ ತಿಂಗಳುಗಟ್ಟಲೆ ಫಾರಂ ತುಂಬುವುದರಲ್ಲೇ ಹೋಗುತ್ತದೆ, ಪೇಪರ್ ಬರುವ ಹೊತ್ತಿಗೆ ನಿಮ್ಮ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿರುತ್ತಾರೆ.

ಜಾಹೀರಾತಿನಲ್ಲಿ ವಿಚಾರಿಸಲು ಕನ್ಸಲ್ಟೆಂಟ್ ಇಮೇಲ್ ಕೊಟ್ಟಿರುತ್ತಾರೆ, ಸುಮ್ನೆ ಇರಬೇಡಿ, ಬರೆಯಿರಿ. ವಾರದ ಟೈಮ್‌ಟೇಬಲ್ ಕೇಳಿ, ಹಿಂದೆ ಇದ್ದ ಫೆಲೋ ಜೊತೆ ಮಾತಾಡಬಹುದಾ ಅಂತ ಕೇಳಿ. ಅವರನ್ನು ಮಾತಾಡಿಸಲು ಹಿಂಜರಿಯುವ ಕಡೆ ಅರ್ಜಿ ಹಾಕಬೇಡಿ. ಲೇಬರ್ ವಾರ್ಡಿನ ಆನ್‌ಕಾಲ್ ಎಷ್ಟು ಅಂತಲೂ ತಿಳಿದುಕೊಳ್ಳಿ, ರಿಸರ್ಚ್‌ಗೆ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಅದರ ಮೇಲೇ ನಿಂತಿದೆ.