ಅಣ್ಣನ ಜೀನ್ ರಿಪೋರ್ಟಲ್ಲಿ 25 ಅಕ್ಷರ ಇಲ್ಲ ಅಂತ ಬಂದಿದೆ, ನನ್ನ ಹಾರ್ಟೂ ದಪ್ಪ ಆಗತ್ತಾ?

ಪುಣೆಯಲ್ಲಿರೋ ನಿಮ್ಮ ಅಣ್ಣನಿಗೆ ಎಕೋದಲ್ಲಿ ಹಾರ್ಟಿನ ಗೋಡೆ 17 ಮಿಮೀ ಬಂತು, ಜೀನ್ ಟೆಸ್ಟಲ್ಲಿ ಎಂವೈಬಿಪಿಸಿ-3 ಅನ್ನೋ ಜೀನಲ್ಲಿ 25 ಡಿಎನ್ಎ ಅಕ್ಷರ ಬಿಟ್ಟುಹೋಗಿದೆ, ನಿಮ್ಮ ಅಪ್ಪನಿಗೂ ಬಿಪಿಯಿಂದ ದಪ್ಪ ಆಗಿತ್ತು, ಎರಡೂ ಒಂದೇನಾ ಅಂತ ಕೇಳಿದೀರಿ. ನಾನು ಡಾಕ್ಟರ್ ಅಲ್ಲ, ಇಲ್ಲಿ ಮುಂಬೈಲಿ ಪರೇಲ್ ಕಡೆ ಒಂದು ಲ್ಯಾಬಲ್ಲಿ ನಾಲ್ಕು ವರ್ಷ ಇಲಿಮರಿ ಹಾರ್ಟ್ ಸೆಲ್ ಸಾಕಿದವನು, ಅಷ್ಟೇ.

ಒಂದೇ ಅಲ್ಲ ಮಾರಾಯ್ರೆ. ಬಿಪಿ ಕೇಸಲ್ಲಿ ಜೀನಿನ ಬರಹ ಸರಿಯಾಗೇ ಇರತ್ತೆ, ಯಾವ್ದು ಆನ್ ಯಾವ್ದು ಆಫ್ ಅನ್ನೋದು ಏರುಪೇರಾಗತ್ತೆ. ಎಂಇಎಫ್-2 ಅಂತ ಒಂದು ಪ್ರೋಟೀನ್ ಇದೆ, ಬೆಳವಣಿಗೆ ಜೀನುಗಳನ್ನ ಆನ್ ಮಾಡೋದು ಅದೇ, ಮಾಮೂಲಿ ದಿನದಲ್ಲಿ ಎಚ್‌ಡಿಎಸಿ ಅನ್ನೋ ವಾಚ್‌ಮನ್ ಅದನ್ನ ಬಾಗಿಲಲ್ಲೇ ತಡೆದಿರ್ತಾನೆ. ವರ್ಷಗಟ್ಟಲೆ ಪ್ರೆಶರ್ ಬಿದ್ರೆ ಸೆಲ್ ಒಳಗಿನ ಕ್ಯಾಲ್ಸಿಯಂ ಸಿಗ್ನಲ್ಲು ಈ ವಾಚ್‌ಮನ್‌ನ ನ್ಯೂಕ್ಲಿಯಸ್ಸಿಂದ ಆಚೆ ಕಳಿಸಿಬಿಡತ್ತೆ, ಆಮೇಲೆ ಹೊಟ್ಟೇಲಿದ್ದಾಗ ಓಡಿ ಸುಮ್ಮನಾಗಿದ್ದ ಜೀನುಗಳೆಲ್ಲ ಮತ್ತೆ ಏಳ್ತವೆ. ರಕ್ತ ಟೆಸ್ಟಲ್ಲಿ ಬಿಎನ್‌ಪಿ ಅಂತ ನೋಡ್ತಾರಲ್ಲ, ಅದೂ ಆ ಗುಂಪಿಂದೇ. ಲ್ಯಾಬಲ್ಲಿ ಸೆಲ್ಲಿಗೆ ಬೆಳೆಯೋ ಸಿಗ್ನಲ್ ಕೊಡೋ ಫೀನೈಲೆಫ್ರಿನ್ ಅನ್ನೋ ಔಷಧಿ ಹಾಕಿ ಎರಡು ದಿನ ಬಿಟ್ಟು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಸೆಲ್ ಉಬ್ಬಿರ್ತಿತ್ತು, ಲೆಕ್ಕ ಜಾಸ್ತಿ ಆಗಲ್ಲ, ಒಂದೊಂದೂ ದಪ್ಪ ಆಗತ್ತೆ. ನಮ್ಮ ಮಾವ ಮಾಟುಂಗಾದಲ್ಲಿ ಹೋಟೆಲ್ ನಡೆಸ್ತಾ ಹತ್ತು ವರ್ಷ ಬಿಪಿ ಮಾತ್ರೆ ಮುಟ್ಟದೆ ಹಾರ್ಟಿನ ಗೋಡೆ 14 ಮಿಮೀ ಮಾಡ್ಕೊಂಡಿದ್ರು, ಮಾತ್ರೆ ಶುರುವಾದ್ಮೇಲೆ 12ಕ್ಕೆ ಇಳೀತು (ಉಪ್ಪಿನಕಾಯಿ ಮಾತ್ರ ಇಳೀಲಿಲ್ಲ).

ನಿಮ್ಮ ಅಣ್ಣಂದು ಬೇರೆ ದಾರಿ, ಅಲ್ಲಿ ಬರಹದಲ್ಲೇ ತಪ್ಪು. ಆ ಜೀನ್ ಮಾಡೋ ಪ್ರೋಟೀನ್ ಹಾರ್ಟಿನ ಹಿಂಡೋ ಎಳೆಗಳನ್ನ ಹದದಲ್ಲಿ ಇಡತ್ತೆ. ಆದ್ರೆ ಈ 25 ಅಕ್ಷರದ ವಿಷಯ ಸ್ವಲ್ಪ ವಿಚಿತ್ರ, 2009ರಲ್ಲಿ ಬಂದ ಸ್ಟಡಿ ಪ್ರಕಾರ ನಮ್ಮ ಭಾರತ ಉಪಖಂಡದವರಲ್ಲಿ ಸುಮಾರು 4% ಜನರಲ್ಲಿ ಇದು ಇದೆ, ಅಂದ್ರೆ 25 ಜನಕ್ಕೆ ಒಬ್ಬರು, ಒಂದು ಲೋಕಲ್ ಟ್ರೇನ್ ಡಬ್ಬಿ ತುಂಬಿದ್ರೆ ಅದರಲ್ಲೇ ಎಷ್ಟೋ ಜನ ಆದ್ರು. ಅವರೆಲ್ಲರಿಗೂ ಹಾರ್ಟ್ ದಪ್ಪ ಆಗಿದ್ಯಾ, ಇಲ್ವಲ್ಲ. ಅದೇ ಜೀನಲ್ಲಿ ಇನ್ನೊಂದು ತಪ್ಪು ಜೊತೆಗಿದ್ರೆ ತೊಂದರೆ ಜಾಸ್ತಿ ಅಂತ ಆಮೇಲಿನ ಕೆಲಸಗಳು ಹೇಳಿದ್ವು. ಅದಕ್ಕೇ ಬರೀ ಇದೊಂದನ್ನ ಹಿಡ್ಕೊಂಡು 'ಕಾರಣ ಸಿಕ್ತು' ಅಂದ್ರೆ ನನಗೆ ಒಪ್ಪೋಕಾಗಲ್ಲ.

ಒಂದೇ ಅಪ್ಪ-ಅಮ್ಮನ ಮಕ್ಕಳು ಅಂದ್ಮೇಲೆ ನಿಮಗೂ ಇರೋ ಚಾನ್ಸ್ ಅರ್ಧಕ್ಕರ್ಧ. ನಾನಾಗಿದ್ರೆ ಜೀನ್ ಟೆಸ್ಟ್‌ಗಿಂತ ಮೊದಲು ಎಕೋ, ಇಸಿಜಿ ಮಾಡಿಸ್ತಿದ್ದೆ. ಬೇರೆ ಕಾರಣ ಇಲ್ದೆ ಗೋಡೆ 15 ಮಿಮೀ ಅಥವಾ ಜಾಸ್ತಿ ಇದ್ರೆ ಹಾರ್ಟ್ ದಪ್ಪ ಆಗೋ ಕಾಯಿಲೆ ಅಂತಾರೆ, ಮನೇಲಿ ಒಬ್ಬರಿಗೆ ಇದ್ರೆ ಉಳಿದವರಿಗೆ 13ಕ್ಕೇ ಎಚ್ಚರ. ನಾರ್ಮಲ್ ಬಂದ್ರೂ ಕೆಲವು ವರ್ಷಕ್ಕೊಮ್ಮೆ ಮತ್ತೆ ನೋಡಿಸ್ಬೇಕು. ಓಡುವಾಗ ತಲೆಸುತ್ತಿ ಬಿದ್ದಿದ್ರೆ ಮಾತ್ರ ಕಾಯ್ಬೇಡಿ, ನಾಳೆನೇ ಕಾರ್ಡಿಯಾಲಜಿಸ್ಟ್ ಹತ್ರ ಹೋಗಿ.

ಅಂದ್ಹಾಗೆ ಅಣ್ಣನ ರಿಪೋರ್ಟಲ್ಲಿ ಆ ಸಾಲಿನ ಪಕ್ಕ 'ಪ್ಯಾಥೋಜೆನಿಕ್' (ಕಾಯಿಲೆ ತರೋದು) ಅಂತ ಇದ್ಯಾ, 'ವಿಯುಎಸ್' (ಅರ್ಥ ಇನ್ನೂ ಖಚಿತ ಆಗದ್ದು) ಅಂತ ಇದ್ಯಾ? ನೋಡಿ ಇಲ್ಲೇ ಹಾಕಿ.